ಮರದ ಚಾಕು

ಕದರಮಂಡಲಗಿಯ ಕಾಂತೇಶನ ಗುಡಿಯಲ್ಲಿ ಶನಿವಾರದ ಸರದಿ ಉದ್ದ. 2024ರ ಮೇ ತಿಂಗಳಲ್ಲಿ, ಲೋಕಸಭೆಗೆ ಮತ ಹಾಕಿ ನಾಲ್ಕು ದಿನವಾಗಿದ್ದಾಗ, ನಾನೂ ಆ ಸರದಿಯಲ್ಲಿ ನಿಂತಿದ್ದೆ. ಬಂದದ್ದು ಹರಕೆಗಲ್ಲ, ನೋಡುವುದಕ್ಕೆ. ಮುಂದೆ ಇಳಕಲ್ ಸೀರೆಯ ಅಜ್ಜಿಯೊಬ್ಬರು ತೆಂಗಿನಕಾಯಿ ಹಿಡಿದು ನಿಂತಿದ್ದರು. ಗರ್ಭಗುಡಿ ಕಣ್ಣಿಗೆ ಬೀಳುತ್ತಲೇ ನನ್ನ ಕಡೆ ತಿರುಗಿದರು.

"ಕಣ್ಣು ನೋಡಪಾ ತಮ್ಮಾ, ಕಣ್ಣು. ಸೂರ್ಯ ಸಾಲಿಗ್ರಾಮದ್ದು. ಎಲ್ಲಿ ನಿಂತ್ರೂ ನಿನ್ನ ನೋಡತಾವ."

"ಇದನ್ನ ಯಾರು ಕೆತ್ತಿದ್ರಂತ ಏನರ ಗೊತ್ತೈತೇನ್ರಿ ಅಮ್ಮಾ?"

"ಕೆತ್ತೂದಾ?" ಅಜ್ಜಿಗೆ ನಗು ಬಂತು. "ದೇವರನ್ನ ಯಾರರ ಕೆತ್ತತಾರೇನು? ತಾನ ಬಂದು ನಿಂತಾನ."

ಆ ಮಾತಿಗೆ ನಾನು ಎದುರಾಡಲಿಲ್ಲ. ಗುಡಿಯ ಸರದಿ ವಾದದ ಜಾಗವಲ್ಲ. ನಮ್ಮ ಕಡೆಯವರು ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಈ ಮೂವರು ಹನುಮಪ್ಪರನ್ನು ಒಂದೇ ದಿನ ನೋಡಿದರೆ ಪುಣ್ಯವೆಂದು ಗಾಡಿ ಮಾಡಿಕೊಂಡು ಹೊರಡುತ್ತಾರೆ. ಅವರಲ್ಲಿ ಒಬ್ಬರೂ ಕೆತ್ತಿದವನ ಹೆಸರು ಕೇಳಿದ್ದನ್ನು ನಾನು ಕಂಡಿಲ್ಲ. ಆದರೆ ಅಜ್ಜಿಯ ಉತ್ತರ ಮೂರು ಸಾವಿರ ವರ್ಷದಷ್ಟು ಹಳೆಯದು. ಅದು ನನಗೆ ಎದುರಾದದ್ದು ಇರಾಕಿನ ಮಣ್ಣಿನ ಹಲಗೆಗಳ ಮೇಲಿನ ಬೆಣೆಲಿಪಿಯ ಅನುವಾದವನ್ನು ಓದುವಾಗ.

ಟೈಗ್ರಿಸ್ ಮತ್ತು ಯೂಫ್ರಟಿಸ್ ನದಿಗಳ ನಡುವಿನ ಆ ನಾಡಿನಲ್ಲಿ, ಬ್ಯಾಬಿಲೋನಿನಲ್ಲೂ ನಿನೆವೆಯಲ್ಲೂ, ಹೊಸ ಮೂರ್ತಿಗೆ ಜೀವ ತುಂಬುವ ವಿಧಿಯೊಂದಿತ್ತು. ಅದರ ಹೆಸರು 'ಬಾಯಿ ತೊಳೆಯುವುದು'. ಮರದ ಅಚ್ಚಿಗೆ ಚಿನ್ನ ಹೊದಿಸಿ, ಕಣ್ಣಿಗೆ ಹರಳು ಕೂಡಿಸಿದ ಮೂರ್ತಿಯನ್ನು ಕಮ್ಮಟದಿಂದ ನದಿ ದಂಡೆಯ ತೋಟಕ್ಕೆ ಒಯ್ಯುತ್ತಿದ್ದರು. ರಾತ್ರಿಯಿಡೀ ಮಂತ್ರ, ಮತ್ತೆ ಮತ್ತೆ ಬಾಯಿ ತೊಳೆಯುವುದು. ನಡುವೆ ಪುರೋಹಿತ ಆ ಮೂರ್ತಿ ಮಾಡಿದ ಬಡಿಗ, ಕಮ್ಮಾರ, ಅಕ್ಕಸಾಲಿಗರನ್ನು ಮುಂದೆ ಕರೆದು ಅವರ ಕೈ ಕಟ್ಟಿ, ಮರದ ಚಾಕುವಿನಿಂದ ಕಡಿದಂತೆ ಮಾಡುತ್ತಿದ್ದ. ಅವರು ಒಬ್ಬೊಬ್ಬರಾಗಿ ಆಣೆ ಮಾಡಬೇಕಿತ್ತು: ಇದನ್ನು ಮಾಡಿದ್ದು ನಾನಲ್ಲ, ನನ್ನ ಕಸುಬಿನ ದೇವರು ಮಾಡಿದ. ಅವರ ಹತಾರಗಳನ್ನು ಕುರಿಯ ತೊಡೆಯೊಳಗೆ ಹೊಲಿದು ಹೊಳೆಗೆ ಬಿಡುತ್ತಿದ್ದರು. ಆಮೇಲೆ ಮೂರ್ತಿ ಮೂರ್ತಿಯಾಗಿ ಉಳಿಯದು, ದೇವರೇ ಆಗುವುದು. ಮುಂಜಾನೆ ಮತ್ತು ಸಂಜೆ ಅದಕ್ಕೆ ಊಟ. ಊಟವಾದ ಮೇಲೆ ಎಡೆಯಲ್ಲಿ ಉಳಿದದ್ದು ಅರಮನೆಗೆ.

ನನ್ನನ್ನು ತಡೆದು ನಿಲ್ಲಿಸಿದ್ದು ಆ ಮರದ ಚಾಕು. ನಿಜವಾದ ಚಾಕುವಾಗಿದ್ದರೆ ಕ್ರೌರ್ಯವೆಂದು ಬರೆದು ಮುಂದೆ ಹೋಗಬಹುದಿತ್ತು. ಚಾಕು ಮರದ್ದು, ಏಕೆಂದರೆ ಮುಂದಿನ ವರ್ಷ ಇನ್ನೊಂದು ಮೂರ್ತಿಗೆ ಅದೇ ಕೈ ಬೇಕು. ಕೈ ಇರಬೇಕು, ಕೈಯ ನೆನಪು ಮಾತ್ರ ಹೋಗಬೇಕು. ಇದು ಮೋಸವೆಂದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲವೇ? ಬಡಿಗನಿಗಂತೂ ಗೊತ್ತಿತ್ತು. ಮರ ಕಡಿದವನೇ ಅವನು. ಎಲ್ಲರೂ ಅರಿತೇ ಒಪ್ಪಿಕೊಂಡ ಮರೆವು ಅದು, ಮತ್ತು ಅಂಥ ಮರೆವಿಗೆ ಅಜ್ಞಾನಕ್ಕಿಂತ ಬಾಳಿಕೆ ಹೆಚ್ಚು.

ನಮ್ಮಲ್ಲಿಯೂ ಪ್ರಾಣಪ್ರತಿಷ್ಠೆ ಇದೆ, ಕಣ್ಣು ತೆರೆಸುವ ವಿಧಿ ಇದೆ. ಎಷ್ಟೋ ಕಡೆ ಶಿಲ್ಪಿಯೇ ಚಿನ್ನದ ಸೂಜಿಯಿಂದ ಕಣ್ಣು ಬಿಡಿಸುತ್ತಾನೆ; ಶಾಲು ಹೊದಿಸಿ, ದಕ್ಷಿಣೆ ಕೊಟ್ಟು ಕಳಿಸುತ್ತಾರೆ; ಆ ಮೇಲೆ ಅವನೇ ಕೆತ್ತಿದ ಕಲ್ಲನ್ನು ಅವನೇ ಮುಟ್ಟುವಂತಿಲ್ಲ. ಆದರೂ ಕನ್ನಡನಾಡಿನಲ್ಲಿ ಇನ್ನೊಂದು ರೂಢಿಯೂ ಇತ್ತು, ಅದನ್ನು ಹೇಳದೆ ಮುಂದೆ ಹೋದರೆ ಅನ್ಯಾಯ. ಹೊಯ್ಸಳರ ರೂವಾರಿಗಳು ಹೆಸರು ಕೊರೆದರು. ಬೇಲೂರಿನ ಮದನಿಕೆಗಳ ಅಡಿಯಲ್ಲಿ ದಾಸೋಜನ ಹೆಸರಿದೆ. ಅವನು ಬಳ್ಳಿಗಾವೆಯವನು, ಬಳ್ಳಿಗಾವೆ ಇರುವುದು ಭ್ರಾಂತೇಶನ ಶಿಕಾರಿಪುರ ತಾಲ್ಲೂಕಿನಲ್ಲೇ. ಊರು, ಬಿರುದು, ಎದುರಾಳಿ ಶಿಲ್ಪಿಗಳ ಮೇಲಿನ ಸವಾಲು ಎಲ್ಲ ಸೇರಿಸಿ ಬರೆಸಿಕೊಂಡ ಜಂಭದ ಜನ ಅವರು. ಆ ಜಂಭ ನನಗೆ ಬಹಳ ಇಷ್ಟ.

ವಿಗ್ರಹಕ್ಕೆ ನಡೆದದ್ದೇ ಅರಸನಿಗೂ ನಡೆಯಿತು. ಕ್ರಿ.ಪೂ. 23ನೆಯ ಶತಮಾನದಲ್ಲಿ ಅಕ್ಕಾಡಿನ ನರಾಮ್‌ಸಿನ್ ತನ್ನ ಹೆಸರಿನ ಮೊದಲಿಗೆ ನಕ್ಷತ್ರದ ಗುರುತು ಬರೆಸಿದ. ಬೆಣೆಲಿಪಿಯಲ್ಲಿ ಆ ಗುರುತು ದೇವರ ಹೆಸರಿಗೆ ಮಾತ್ರ ಮೀಸಲು. ಮೆಸೊಪೊಟೇಮಿಯಾದಲ್ಲಿ ಬದುಕಿರುವಾಗಲೇ ದೇವರಾದ ಮೊದಲ ಅರಸ ಅವನೆಂದು ವಿದ್ವಾಂಸರು ಹೇಳುತ್ತಾರೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಅವನ ವಿಜಯಶಿಲೆಯಲ್ಲಿ ಅವನು ಕೊಂಬಿನ ಶಿರಸ್ತ್ರಾಣ ತೊಟ್ಟು ಬೆಟ್ಟ ಹತ್ತುತ್ತಿದ್ದಾನೆ. ಕೊಂಬೂ ದೇವರ ಸೊತ್ತೇ. ಇದು ಹೇಗಾಯಿತೆಂಬುದಕ್ಕೆ ಅವನೇ ಬರೆಸಿದ ಶಾಸನವೊಂದಿದೆ. ಉತ್ತರ ಇರಾಕಿನ ಬಸೆಟ್ಕಿಯಲ್ಲಿ ಸಿಕ್ಕ ತಾಮ್ರದ ವಿಗ್ರಹದ ಪೀಠದ ಮೇಲೆ ಅದು ಕೊರೆದಿದೆ. ವಿಗ್ರಹದಲ್ಲಿ ಉಳಿದಿರುವುದು ಸೊಂಟದ ಕೆಳಗಿನ ಭಾಗ ಮಾತ್ರ. ನಾಲ್ಕೂ ದಿಕ್ಕು ತಿರುಗಿಬಿದ್ದಾಗ ನರಾಮ್‌ಸಿನ್ ಒಂದೇ ವರ್ಷದಲ್ಲಿ ಒಂಬತ್ತು ಯುದ್ಧ ಗೆದ್ದನಂತೆ. ಆಗ ಊರಿನ ಜನ ದೇವತೆಗಳಲ್ಲಿ ಒಬ್ಬೊಬ್ಬರನ್ನೂ ಬೇಡಿ, ಅವನನ್ನು ತಮ್ಮ ಊರಿನ ದೇವರಾಗಿ ಪಡೆದು, ಊರ ನಡುವೆ ಗುಡಿ ಕಟ್ಟಿದರಂತೆ.

ಜನ ಬೇಡಿಕೊಂಡರು ಎಂದು ಬರೆದವನು ಅರಸನ ಲಿಪಿಕಾರ. ಅರ್ಜಿ ಜನರದ್ದು, ಕೈಬರಹ ಅರಮನೆಯದ್ದು. ಹಾಗಿದ್ದರೂ ಆ ಶಾಸನ ತನಗೆ ಅರಿವಿಲ್ಲದೆ ಒಂದು ನಿಜ ಬಿಟ್ಟುಕೊಟ್ಟಿದೆ: ಅವನನ್ನು ದೇವರು ಮಾಡಿದ್ದು ಊರಿನವರು. ಮುಂದೆ ಬಂದ ಅರಸರಿಗೆ ಆ ವಿವರ ಬೇಡವಾಯಿತು. ಸುಮೇರಿನ ಅರಸರ ಪಟ್ಟಿ ತೆರೆದರೆ ಅರಸೊತ್ತಿಗೆ ಸೀದಾ ಆಕಾಶದಿಂದ ಎರಿಡು ಪಟ್ಟಣಕ್ಕೆ ಇಳಿದುಬರುತ್ತದೆ. ಮೊದಲ ಅರಸ 28,800 ವರ್ಷ ಆಳುತ್ತಾನೆ. ಆ ಪಟ್ಟಿಯಲ್ಲಿ ಗುಡಿ ಕಟ್ಟಿದ ಊರಿನವರು ಯಾರೂ ಇಲ್ಲ. ಬಡಿಗ ಆಣೆ ಮಾಡಿದಂತೆ ಊರೂ ಆಣೆ ಮಾಡಿತು: ಇವನನ್ನು ಮಾಡಿದ್ದು ನಾವಲ್ಲ.

ಆ ತಾಮ್ರದ ವಿಗ್ರಹದ ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. 2003ರಲ್ಲಿ ಬಾಗ್ದಾದ್ ಸಂಗ್ರಹಾಲಯ ಲೂಟಿಯಾದಾಗ ಅದನ್ನೂ ಹೊತ್ತೊಯ್ದರು. ಕೆಲವು ತಿಂಗಳ ಬಳಿಕ ಅದು ಸಿಕ್ಕಿದ್ದು ಹೊಲಸು ನೀರಿನ ಗುಂಡಿಯೊಂದರಲ್ಲಿ, ಮೈಗೆಲ್ಲ ಗ್ರೀಸು ಬಳಿದ ಸ್ಥಿತಿಯಲ್ಲಿ.

ದೂರದ ಊರಿನ ಮಾತಾಯಿತು, ಹತ್ತಿರಕ್ಕೆ ಬರೋಣ. ಕದರಮಂಡಲಗಿಯ ಈ ಗುಡಿಯಲ್ಲಿ ಕೂತು ಕನಕದಾಸರು 'ಮೋಹನತರಂಗಿಣಿ' ಬರೆದರೆಂದು ಪ್ರತೀತಿ. ಬಂಕಾಪುರದ ಹತ್ತಿರದ ಬಾಡದಲ್ಲಿ ಹುಟ್ಟಿದ ಕುರುಬರ ಮನೆತನದ ಡಣ್ಣಾಯಕ, ಸೀಮೆ ಆಳಿದವನು, ಅದೆಲ್ಲ ಬಿಟ್ಟು ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಹಾಡುತ್ತ ಹೊರಟವನು. 'ಮೋಹನತರಂಗಿಣಿ'ಯಲ್ಲಿ ಅವನು ಬಣ್ಣಿಸುವ ದ್ವಾರಕೆಯನ್ನು ಓದಿದವರು ಇದು ವಿಜಯನಗರವೇ ಎನ್ನುತ್ತಾರೆ. ಬೀದಿ, ಅಂಗಡಿಸಾಲು, ಅರಮನೆಯ ಸಡಗರ, ಎಲ್ಲ ಹಂಪೆಯದು. ಹಾಗಾದರೆ ಆ ದ್ವಾರಕೆಯ ಕೃಷ್ಣ ಯಾರು? 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಮುಖ ಆ ಕೃಷ್ಣನಲ್ಲಿ ಕಾಣುತ್ತದೆಂದು ವಿಮರ್ಶಕರು ಬಹಳ ಹಿಂದೆಯೇ ಗುರುತಿಸಿದ್ದಾರೆ.

ರಾಯನಿಗೂ ಆ ಹೋಲಿಕೆ ಬೇಕಾಗಿತ್ತು. ಗಜಪತಿಯ ಉದಯಗಿರಿ ಕೋಟೆ ಗೆದ್ದು ಅಲ್ಲಿಂದ ಬಾಲಕೃಷ್ಣನ ಮೂರ್ತಿ ತಂದ. ಹಂಪೆಯಲ್ಲಿ ಅದಕ್ಕೆ ಗುಡಿ ಕಟ್ಟಿಸಿ 1515ರಲ್ಲಿ ಪ್ರತಿಷ್ಠೆ ಮಾಡಿಸಿದ. ಕೃಷ್ಣನೆಂಬ ಅರಸ, ಸೆರೆ ತಂದ ಕೃಷ್ಣನೆಂಬ ದೇವರು. ಬ್ಯಾಬಿಲೋನಿನ ಮರ್ದೂಕನನ್ನೂ ಅಸ್ಸೀರಿಯದವರು ಹೀಗೆಯೇ ಹೊತ್ತೊಯ್ದಿದ್ದರು. ದೇವರು ಊರಲ್ಲಿಲ್ಲವೆಂದು ಅಲ್ಲಿ ಸುಮಾರು ಇಪ್ಪತ್ತು ವರ್ಷ ಯುಗಾದಿ ಹಬ್ಬವೇ ನಡೆಯಲಿಲ್ಲ. ನಮ್ಮ ಬಾಲಕೃಷ್ಣ ಈಗ ಚೆನ್ನೈನ ಸರ್ಕಾರಿ ಸಂಗ್ರಹಾಲಯದಲ್ಲಿದ್ದಾನೆ. ಇನ್ನು ವಿಜಯನಗರದ ಶಾಸನಗಳ ಕೊನೆ ನೋಡಿ. ದಾನ ಕೊಟ್ಟವನು ಅರಸ, ಕೊಡಿಸಿದ ಭೂಮಿಯನ್ನು ಉತ್ತವನು ಒಕ್ಕಲಿಗ. ರುಜು ಮಾತ್ರ 'ಶ್ರೀ ವಿರೂಪಾಕ್ಷ'. ಅಪ್ಪಣೆ ಅರಸನದ್ದಾದರೆ ತಕರಾರು ಹೇಳಬಹುದು. ವಿರೂಪಾಕ್ಷನ ರುಜುವಿನ ಮೇಲೆ ತಕರಾರು ಹೇಳುವವರು ಯಾರು?

ಕವಿಯೂ ಒಬ್ಬ ರೂವಾರಿಯೇ. ಬದುಕಿರುವ ಅರಸನಿಗೆ ದೇವರ ಕಣ್ಣು ಕೂಡಿಸುವ ಕೆಲಸ ಕವಿಗಳದ್ದು. ಅಕ್ಕಾಡಿನ ಲಿಪಿಕಾರನ ಬಗ್ಗೆ ಬಿಡುಬೀಸಾಗಿ ಮಾತಾಡಿದ ನಾನು ಕನಕನ ಬಗ್ಗೆ ತಡವರಿಸುವುದೇಕೆ? ತಡವರಿಸಬಾರದು. 'ಮೋಹನತರಂಗಿಣಿ'ಯ ಆ ಹೋಲಿಕೆಯಲ್ಲಿ ಕನಕನೂ ಅರಮನೆಯ ಕಮ್ಮಟದಲ್ಲಿ ಕೆಲಸ ಮಾಡಿದ್ದಾನೆ. ಅದು ಅವನ ಕಾಲದ ರೀತಿ, ಕಾವ್ಯದ ರೂಢಿ ಎಂದು ಸಮಾಧಾನ ಹೇಳಬಹುದು, ನಾನು ಹೇಳುವುದಿಲ್ಲ. ನನಗೆ ಕನಕನ ಮೇಲೆ ಗೌರವವಿರುವುದು ಅವನು ಅಲ್ಲಿಗೇ ನಿಲ್ಲಲಿಲ್ಲ ಎನ್ನುವ ಕಾರಣಕ್ಕೆ. ಅದಕ್ಕೆ ಬರುವ ಮೊದಲು ದೈವತ್ವದ ಖರ್ಚುವೆಚ್ಚ ನೋಡಬೇಕು. ಅದನ್ನು ತೆತ್ತವರು ಯಾರೆಂದೂ ನೋಡಬೇಕು.

ಉರ್ ಪಟ್ಟಣದ ರಾಜಗೋರಿಗಳನ್ನು ಲಿಯೊನಾರ್ಡ್ ವೂಲಿ ಅಗೆಸಿದ್ದು 1920ರ ದಶಕದಲ್ಲಿ. ಒಂದೇ ಗುಂಡಿಯಲ್ಲಿ 74 ಹೆಣ. ಅದರಲ್ಲಿ 68 ಹೆಂಗಸರವು, ತಲೆಗೆ ಚಿನ್ನದ ಎಲೆಗಳ ಒಡವೆ ತೊಟ್ಟು ಸಾಲಾಗಿ ಮಲಗಿದವು. ಒಡೆಯನ ಹಿಂದೆ ತಾವಾಗಿ ವಿಷ ಕುಡಿದು ಶಾಂತವಾಗಿ ಹೋದರೆಂದು ವೂಲಿ ನಂಬಿದ. ಬಹಳ ಕಾಲ ಎಲ್ಲರೂ ಅದನ್ನೇ ಬರೆದರು. ಈಚೆಗೆ ಅಲ್ಲಿಯ ಎರಡು ತಲೆಬುರುಡೆಗಳನ್ನು ಸ್ಕ್ಯಾನ್ ಮಾಡಿ ನೋಡಿದಾಗ ಮೊನೆಯಾದ ಆಯುಧದ ಪೆಟ್ಟು ಕಂಡಿತು.

ನಮ್ಮಲ್ಲಿ ಹಳೇಬೀಡಿನಲ್ಲಿ ಕುವರಲಕ್ಷ್ಮನ ಕಂಬವಿದೆ. ಇಮ್ಮಡಿ ಬಲ್ಲಾಳ ಸತ್ತಾಗ, 1220ರ ಸುಮಾರಿಗೆ, ಅವನ ದಂಡನಾಯಕ ಲಕ್ಷ್ಮ ಹೆಂಡತಿಯೊಡನೆ, ಸಾವಿರ ಜನ ವೀರರೊಡನೆ ಪ್ರಾಣ ಬಿಟ್ಟನೆಂದು ಶಾಸನ. ಕಂಬದ ಮೇಲೆ ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವವರ ಚಿತ್ರಗಳಿವೆ. ಇಂಥವರನ್ನು ಗರುಡರು ಎನ್ನುತ್ತಿದ್ದರು. ಗರುಡ ವಿಷ್ಣುವಿನ ಬಂಟ, ಹಾಗಾದರೆ ಅರಸ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ವೇಳೆವಾಳಿ ಎನ್ನುವ ಮಾತು ಕೂಡ ಇಲ್ಲಿಯದೇ, ಒಡೆಯನ ಜೊತೆ ಸಾಯುವ ಆಣೆ. ಜೋಳವಾಳಿ ಎಂದರೆ ಉಂಡ ಅನ್ನದ ಋಣಕ್ಕೆ ಪ್ರಾಣ ಕೊಡುವುದು. ಕೊನೆಯದನ್ನು ಬರೆಯುವಾಗ ನನ್ನ ಹಾವೇರಿ ಸೀಮೆಯ ಹೊಟ್ಟೆ ಉರಿಯುತ್ತದೆ. ಜೋಳ ಬೆಳೆದವನು ಯಾರು, ಅದರ ಋಣ ಯಾರಿಗೆ ಬಿತ್ತು! ಉಣಿಸಿದವನೇ ಉಂಡವನಿಗೆ ಸಾಲಗಾರನಾದ. ಮರದ ಚಾಕು ಇದಕ್ಕಿಂತ ಚೊಕ್ಕಟವಾಗಿ ಎಲ್ಲಿಯೂ ಕೆಲಸ ಮಾಡಿಲ್ಲ.

ಕಾಂತೇಶನ ಮುಂದೆ ನಿಂತಾಗಲೂ ಈ ಮುಳ್ಳು ಚುಚ್ಚುತ್ತಿತ್ತು. ಹನುಮಪ್ಪ ಅರಸನಲ್ಲ, ಬಂಟ. ನಮ್ಮ ಪ್ರತಿ ಊರಿನ ಬಾಗಿಲಲ್ಲಿ ನಿಂತಿರುವುದು ರಾಮನಿಗಿಂತ ಹೆಚ್ಚಾಗಿ ರಾಮನ ಬಂಟ. ಜನ ದೊರೆಯನ್ನು ಬಿಟ್ಟು ದುಡಿದವನನ್ನು ದೇವರು ಮಾಡಿಕೊಂಡರು ಎಂದು ಅದನ್ನು ಹೆಮ್ಮೆಯಿಂದ ಓದಬಹುದು. ಬಂಟತನವನ್ನೇ ದೇವರು ಮಾಡಿ ಬಂಟರನ್ನು ಬಂಟರಾಗಿಯೇ ಇಟ್ಟರು ಎಂದೂ ಓದಬಹುದು. ಎರಡೂ ಓದು ನನ್ನಲ್ಲಿ ಜಗಳವಾಡುತ್ತವೆ. ತೀರ್ಪು ಕೊಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ದೇವರಾದ ಅರಸನಿಗೆ ಭಯವಿರಲಿಲ್ಲವೇ? ಎಲ್ಲರಿಗಿಂತ ಹೆಚ್ಚಾಗಿತ್ತು. ಅಸ್ಸೀರಿಯದಲ್ಲಿ ಚಂದ್ರಗ್ರಹಣ ಅರಸನಿಗೆ ಮೃತ್ಯುಸೂಚಕವಾಗಿ ಕಂಡರೆ, ಬೇರೊಬ್ಬನನ್ನು ಸಿಂಹಾಸನದ ಮೇಲೆ ಕೂರಿಸಿ, ಅಪಶಕುನ ಅವನಿಗೆ ತಟ್ಟಲೆಂದು ಕಾಯುತ್ತಿದ್ದರು. ಹೆಚ್ಚೆಂದರೆ ನೂರು ದಿನ. ಆಮೇಲೆ ಅವನನ್ನು ಕೊಲ್ಲುತ್ತಿದ್ದರು. ಕ್ರಿ.ಪೂ. 681ರಿಂದ 669ರವರೆಗೆ ಆಳಿದ ಎಸರ್‌ಹದ್ದೋನನ ಕಾಲದ ಪತ್ರವೊಂದರಲ್ಲಿ ದಮ್ಕಿ ಎಂಬವನು ಹೀಗೆ ಬದಲಿ ಅರಸನಾಗಿ ತನ್ನ ರಾಣಿಯೊಡನೆ ಸತ್ತದ್ದು, ಅವರಿಗೆ ಗೋರಿ ಕಟ್ಟಿದ್ದು, ಊರಿನ ಜನ ಬೆದರಿದ್ದು ಎಲ್ಲ ಕಚೇರಿಯ ವರದಿಯಂತೆ ದಾಖಲಾಗಿದೆ. ಆ ದಿನಗಳಲ್ಲಿ ನಿಜವಾದ ಅರಸ ಮರೆಯಲ್ಲಿದ್ದ. ಮಂತ್ರಿಗಳು ಅವನಿಗೆ ಬರೆದ ಓಲೆಗಳ ಒಕ್ಕಣೆ ಬೇರೆಯಾಗುತ್ತಿತ್ತು. 'ಅರಸನಿಗೆ' ಎನ್ನುವ ಜಾಗದಲ್ಲಿ 'ರೈತನಿಗೆ' ಎಂದು ಬರೆಯುತ್ತಿದ್ದರು.

ಅರಸ ರೈತನಾದದ್ದು ಸಾವು ಹುಡುಕಿಕೊಂಡು ಬಂದಾಗ. ರೈತನ ಹೆಸರು ಅಡಗಿ ಕೂರಲು ಒಳ್ಳೆಯ ಜಾಗ ಎಂಬುದು ಆಳುವವರಿಗೆ ಆಗಲೇ ತಿಳಿದಿತ್ತು. ನಮ್ಮಲ್ಲೂ 2008ರ ಮೇ 30ರಂದು ಮುಖ್ಯಮಂತ್ರಿಯೊಬ್ಬರು ದೇವರ ಮತ್ತು ರೈತರ ಹೆಸರಿನಲ್ಲಿ ಪ್ರಮಾಣವಚನ ತೆಗೆದುಕೊಂಡರು. ಎರಡು ವಾರ ತುಂಬಿರಲಿಲ್ಲ. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಸತ್ತರು. ಇದರಲ್ಲಿ ಒಂದು ಪಕ್ಷದ ಮಾತು ಹುಡುಕಬೇಡಿ. 2024ರ ಮಾರ್ಚಿನಲ್ಲಿ ಮೆಣಸಿನಕಾಯಿ ಬೆಲೆ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳು ಸುಟ್ಟಾಗ ಆಳುತ್ತಿದ್ದವರು ಬೇರೆ ಪಕ್ಷದವರು.

ಬದಲಿ ಅರಸನ ಕಥೆ ನಮ್ಮಲ್ಲೂ ಇದೆ. ಕೃಷ್ಣದೇವರಾಯನಿಗೆ ಕುಹೂಯೋಗದ ಗಂಡಾಂತರ ಬಂತೆಂದೂ, ಆಗ ವ್ಯಾಸರಾಯರು ಸಿಂಹಾಸನದ ಮೇಲೆ ಕೂತು ತಮ್ಮ ಕಾವಿ ಬಟ್ಟೆ ಎಸೆದು ಅದನ್ನು ಕಳೆದರೆಂದೂ ಹೇಳುತ್ತಾರೆ. ಕನಕನಿಗೆ ಗುರುವೆಂದು ಹೆಸರಾದ ಅದೇ ವ್ಯಾಸರಾಯರು, ಊರೂರಲ್ಲಿ ಹನುಮಪ್ಪನನ್ನು ಪ್ರತಿಷ್ಠಾಪಿಸಿದವರು. ನಡೆದದ್ದೋ ಕಟ್ಟಿದ್ದೋ, ಈ ಕಥೆಯಲ್ಲಿ ಯಾರೂ ಸಾಯುವುದಿಲ್ಲ, ಒಂದು ಬಟ್ಟೆ ಮಾತ್ರ ಸುಡುತ್ತದೆ. ಅಷ್ಟರ ಮಟ್ಟಿಗೆ ನಮ್ಮ ಕಲ್ಪನೆ ಅಸ್ಸೀರಿಯದವರ ಆಚರಣೆಗಿಂತ ಮೇಲು ಎನ್ನಬಹುದು. ಆದರೆ ಲೋಕಕ್ಕೆ ದೇವರಂತಿದ್ದ ಅರಸನಿಗೆ ಪಂಚಾಂಗ ಕಂಡರೆ ನಡುಕವಿತ್ತು ಎಂಬುದನ್ನು ಕಥೆ ಕಟ್ಟಿದವರೂ ಮುಚ್ಚಿಡಲಿಲ್ಲ.

ಬ್ಯಾಬಿಲೋನಿನ ಯುಗಾದಿಯಲ್ಲಿ ಒಂದು ಗಳಿಗೆಯಿದೆ. ನಮ್ಮ ವಿಚಾರವಾದಿ ಗೆಳೆಯರು ಅದನ್ನು ಬಹಳ ಮೆಚ್ಚುತ್ತಾರೆ. ಹಬ್ಬದ ಐದನೆಯ ದಿನ ಅರಸ ಮರ್ದೂಕನ ಗುಡಿಗೆ ಬರುತ್ತಾನೆ. ಹಿರಿಯ ಪುರೋಹಿತ ಅವನ ರಾಜದಂಡ, ಗದೆ, ಕಿರೀಟ ಕಸಿದು ಒಳಗಿಡುತ್ತಾನೆ. ಹೊರಗೆ ಬಂದು ಅರಸನ ಕೆನ್ನೆಗೆ ಬಾರಿಸುತ್ತಾನೆ, ಕಿವಿ ಹಿಡಿದೆಳೆದು ದೇವರ ಮುಂದೆ ಮಂಡಿಯೂರಿಸುತ್ತಾನೆ. ತಾನು ಪಾಪ ಮಾಡಿಲ್ಲ, ಗುಡಿಗೆ ಕೇಡು ಬಗೆದಿಲ್ಲ ಎಂದು ಅರಸ ಒಪ್ಪಿಸಬೇಕು. ಚಿಹ್ನೆಗಳನ್ನು ಮರಳಿ ಕೊಟ್ಟ ಮೇಲೆ ಇನ್ನೊಂದು ಏಟು. ಕಣ್ಣಲ್ಲಿ ನೀರು ಬಂದರೆ ದೇವರು ಒಲಿದಿದ್ದಾನೆ. ಬರದಿದ್ದರೆ ಮುನಿದಿದ್ದಾನೆ, ಶತ್ರು ಏಳುತ್ತಾನೆ.

ಓದಲು ಖುಷಿಯೇ. ವರ್ಷಕ್ಕೊಮ್ಮೆ ನಮ್ಮ ಮಂತ್ರಿಗಳಿಗೂ ಹೀಗಾದರೆ ಎಂದು ಯಾರಿಗೆ ಅನ್ನಿಸದು! ಆದರೆ ಅರಸ ಒಪ್ಪಿಸುವ ಮಾತನ್ನು ಮೆಲ್ಲಗೆ ಓದಿ ನೋಡಿ. ಕೆನ್ನೆಗೆ ಹೊಡೆದಿಲ್ಲವೆಂದು ಅವನು ಹೇಳುವುದು ಯಾರ ಕೆನ್ನೆಯ ಬಗ್ಗೆ? ವಿಶೇಷ ಹಕ್ಕುಳ್ಳ ನಗರವಾಸಿಗಳ ಕೆನ್ನೆಯ ಬಗ್ಗೆ. ಆಳುಕಾಳಿನ ಕೆನ್ನೆಯ ಮಾತು ಅಲ್ಲಿ ಇಲ್ಲ, ಕಾಲುವೆ ತೋಡುವವನ ಬೆನ್ನಿನ ಮಾತಿಲ್ಲ. ಪುರೋಹಿತನ ಕೈ ಎದ್ದದ್ದು ತನ್ನ ಗುಡಿಗಾಗಿ, ತನ್ನ ಊರಿನ ಉಳ್ಳವರಿಗಾಗಿ. ಬ್ಯಾಬಿಲೋನಿನ ಸೃಷ್ಟಿಕಥೆಗಳಲ್ಲಿ ಮನುಷ್ಯರು ಹುಟ್ಟಿದ್ದೇ ದೇವರುಗಳ ದುಡಿಮೆಯ ಹೊರೆ ಹೊರಲು. ಹೊರೆ ಹೊತ್ತವರು ಕೇಳಬಹುದಾದ ಪ್ರಶ್ನೆ ಆ ಗರ್ಭಗುಡಿಯಲ್ಲಿ ಏಳಲಿಲ್ಲ. ಈ ವಿಧಿ ನಮಗೆ ಸಿಕ್ಕಿರುವುದು ಬಹಳ ತಡವಾದ, ಗ್ರೀಕರು ಆಳುತ್ತಿದ್ದ ಕಾಲದ ಹಲಗೆಗಳಲ್ಲಿ, ಎಂಬುದನ್ನೂ ಮರೆಯಬಾರದು. ಪರದೇಶದ ಅರಸರು ಎದುರಿಗಿದ್ದಾಗ ಪುರೋಹಿತರಿಗೆ ಇಂಥ ಏಟಿನ ಆಸೆ ಹೆಚ್ಚಾಗಿರಬಹುದು.

ಹೊರೆ ಹೊತ್ತವರ ಪ್ರಶ್ನೆ ಎದ್ದದ್ದು ಗುಡಿಯ ಹೊರಗೆ, ಕಥೆಗಳಲ್ಲಿ. ಸುಮೇರಿನಲ್ಲಿ ವಸ್ತುಗಳು ವಾದಿಸುವ ಕಾವ್ಯಗಳಿವೆ. ಒಂದರಲ್ಲಿ ಗುದ್ದಲಿಗೂ ನೇಗಿಲಿಗೂ ಜಗಳ. ನೇಗಿಲು ಅರಸನೇ ತನ್ನ ಮೇಣಿ ಹಿಡಿಯುತ್ತಾನೆಂದು, ತನ್ನ ಹಬ್ಬಕ್ಕೆ ದನ ಕುರಿ ಕಡಿಯುತ್ತಾರೆಂದು ಮೆರೆಯುತ್ತದೆ. ಬಡವರ ಗುದ್ದಲಿ ಲೆಕ್ಕ ಮುಂದಿಡುತ್ತದೆ: ನೀನು ದುಡಿಯುವುದು ನಾಲ್ಕು ತಿಂಗಳು, ನಾನು ಹನ್ನೆರಡು. ನೀನು ಮುರಿದರೆ ಎಷ್ಟು ಜನ ಬೇಕು ರಿಪೇರಿಗೆ! ಕಾಲುವೆ, ಮನೆ, ಬಾವಿ ಎಲ್ಲ ನನ್ನಿಂದ. ದೇವರಾಜ ಎನ್ಲಿಲ್ ಗುದ್ದಲಿಯನ್ನು ಗೆಲ್ಲಿಸುತ್ತಾನೆ. ಇಂಥ ವಾದಗಳು ಅರಮನೆಯ ಆಸ್ಥಾನದಲ್ಲೂ ನಡೆಯುತ್ತಿದ್ದವು. ಶುಲ್ಗಿಯಂಥ ಅರಸರು ದೇವರೆನಿಸಿಕೊಂಡು ಕೂತ ಆಸ್ಥಾನವದು.

ಕನಕನ 'ರಾಮಧಾನ್ಯಚರಿತೆ' ಓದಿದವರಿಗೆ ಮುಂದಿನದು ಗೊತ್ತೇ ಇದೆ. ಭತ್ತವೂ ರಾಗಿಯೂ, ಅವನ ಮಾತಿನಲ್ಲಿ ವ್ರಿಹಿಗನೂ ನರೆದಲೆಗನೂ, ರಾಮನ ಸಭೆಯಲ್ಲಿ ಬಡಿದಾಡುತ್ತಾರೆ. ಭತ್ತಕ್ಕೆ ಕುಲದ ಸೊಕ್ಕು; ರಾಗಿಯದು ಬಡವರ ಹಸಿವನ್ನು ಬಲ್ಲವನ ಗತ್ತು. ನಮ್ಮ ಸೀಮೆಯಲ್ಲಿ ರಾಗಿಗಿಂತ ಜೋಳವೇ ಹೆಚ್ಚು, ಆದರೆ ಜೋಳದ ಪರವಾಗಿಯೂ ನಾನು ಆ ತೀರ್ಪನ್ನು ಒಪ್ಪಿಕೊಂಡಿದ್ದೇನೆ. ನೂರಾರು ಸಲ ಇದನ್ನು ಜಾತಿಯ ರೂಪಕವಾಗಿ ವಿವರಿಸಿದ್ದಾರೆ, ಸರಿಯೇ. ನನ್ನ ಕಣ್ಣು ಹೋಗುವುದು ರಾಮ ತೀರ್ಪು ಕೊಟ್ಟ ರೀತಿಯ ಕಡೆಗೆ. ಅವನು ದೇವರು, ಅರಸ, ಎರಡೂ. ಬಾಯಿಮಾತಿನಲ್ಲಿ ಹೇಳಿಬಿಡಬಹುದಿತ್ತು, ಯಾರೂ ಎದುರಾಡುತ್ತಿರಲಿಲ್ಲ. ಹಾಗೆ ಮಾಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಬಾಗಿಲು ತೆರೆದಾಗ ಭತ್ತ ಕಂದಿತ್ತು, ರಾಗಿ ಗಟ್ಟಿಯಾಗಿತ್ತು. ಆಗ ತೀರ್ಪು ಹೊರಟಿತು. ಅಂದರೆ ದೇವರಾದ ಅರಸ ಪ್ರಯೋಗ ಮಾಡಿ, ಕಾದು, ಕಣ್ಣಾರೆ ಕಂಡ ಮೇಲೆ ಮಾತಾಡಿದ. 16ನೆಯ ಶತಮಾನದಲ್ಲಿ ಇದನ್ನು ಬರೆದವನು, 'ಮೋಹನತರಂಗಿಣಿ'ಯಲ್ಲಿ ಅರಸನಿಗೆ ದೇವರ ಕಣ್ಣು ಕೂಡಿಸಿದ ಅದೇ ಕೈಯವನು. ಇಲ್ಲಿ ಅವನು ದೇವರಿಗೆ ಸಾಕ್ಷ್ಯ ನೋಡುವ ಕಣ್ಣು ಕೂಡಿಸಿದ. ನನ್ನ ಲೆಕ್ಕದಲ್ಲಿ ಇದು ಹೆಚ್ಚು ತೂಕದ ಕೆಲಸ.

ಅರಸರು ಹೋದರು, ಮರದ ಚಾಕು ಹೋಗಲಿಲ್ಲ. ನಮ್ಮೂರ ಬಸ್ ನಿಲ್ದಾಣದ ನೆತ್ತಿಯ ಮೇಲೆ ಯಾರದೋ ಅನುದಾನದಲ್ಲಿ ಕಟ್ಟಿದ್ದೆಂದು ದಪ್ಪಕ್ಷರದಲ್ಲಿದೆ. ಅದರ ಕೆಳಗೆ ಬಸ್ಸಿಗೆ ಕಾಯುವವರ ಬಾಯಲ್ಲೂ ಅದೇ: "ಸಾಹೇಬ್ರು ಕಟ್ಟಿಸಿ ಕೊಟ್ರು." ತೆರಿಗೆ ಕಟ್ಟಿದವನು ಬೆಂಕಿಪೊಟ್ಟಣದಿಂದ ಬೈಕಿನವರೆಗೆ ಕಟ್ಟಿದ್ದಾನೆ, ಕಲ್ಲು ಹೊತ್ತವಳು ಅಲ್ಲೇ ಕೂತಿದ್ದಾಳೆ, ಆದರೂ ಮಾಡಿದ್ದು ನಾವಲ್ಲ ಎಂದು ತಾವೇ ಆಣೆ ಮಾಡುತ್ತಾರೆ. ಕಟೌಟಿಗೆ ಹಾಲೆರೆಯುವವರನ್ನು ಕಂಡು ಪೇಟೆಯವರು ನಗುತ್ತಾರೆ. ಅದೇ ಪೇಟೆಯವರು ದೊಡ್ಡ ನಾಯಕನ ಬಗ್ಗೆ ಪ್ರಶ್ನೆ ಬಂದರೆ ದನಿ ತಗ್ಗಿಸುತ್ತಾರೆ. ಅವರವರ ನಾಯಕ ಅವರವರಿಗೆ ತಾನಾಗಿ ಬಂದು ನಿಂತವನು.

ಅಜ್ಜಿಯ ಮಾತನ್ನು ಹಾಗಾಗಿ ನಾನು ದೇವರ ವಿಷಯದಲ್ಲಿ ಬಿಟ್ಟುಕೊಡಬಲ್ಲೆ. ಅವರ ಕಾಂತೇಶ ಯಾರ ಹೊಲವನ್ನೂ ಕಸಿದಿಲ್ಲ, ಯಾರ ಮೇಲೂ ಗೋಲಿಬಾರ್ ಮಾಡಿಸಿಲ್ಲ. ತಾನೇ ಬಂದು ನಿಂತಿದ್ದರೆ ನಿಂತಿರಲಿ. ಆದರೆ ಮನುಷ್ಯರ ವಿಷಯದಲ್ಲಿ, ಕುರ್ಚಿಯ ವಿಷಯದಲ್ಲಿ ಆ ಮಾತನ್ನು ಒಪ್ಪಲಾರೆ. ಅಜ್ಜಿಯೂ ಒಪ್ಪಲಾರರೆಂದು ನನ್ನ ಅಂದಾಜು. ಸರದಿಯಲ್ಲಿ ನಿಂತಷ್ಟು ಹೊತ್ತೂ ಮೆಣಸಿನಕಾಯಿ ರೇಟಿನ ಬಗ್ಗೆ, ಅದನ್ನು ಇಳಿಸಿದವರ ಬಗ್ಗೆ ಅವರು ಆಡಿದ ಮಾತು ಇಲ್ಲಿ ಅಚ್ಚು ಮಾಡುವಂಥದ್ದಲ್ಲ.

ಗರ್ಭಗುಡಿಯ ಮುಂದೆ ಅವರು ಕೈ ಮುಗಿದು ನಿಂತರು. ಎಡಗೈ ತೋರುಬೆರಳಿನ ಮೇಲೆ, ಉಗುರಿನಿಂದ ಕೆಳಕ್ಕೆ, ಮೊನ್ನೆಯ ಮಸಿಯ ಗೆರೆ. ಆ ಮಸಿ ತಯಾರಾಗುವುದು ಮೈಸೂರಿನ ಕಾರ್ಖಾನೆಯೊಂದರಲ್ಲಿ. ಅದನ್ನು 1937ರಲ್ಲಿ ಶುರುಮಾಡಿದ್ದು ಒಬ್ಬ ಅರಸ, ನಾಲ್ವಡಿ ಕೃಷ್ಣರಾಜ ಒಡೆಯರ್. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಮಸಿ ಅಲ್ಲಿಂದಲೇ ಹೋಗುತ್ತಿದೆ. ಅದರಲ್ಲಿರುವ ಬೆಳ್ಳಿಯ ಲವಣ ಚರ್ಮಕ್ಕೆ ಕಚ್ಚಿ ಬಿಸಿಲಿಗೆ ಕಪ್ಪಾಗುತ್ತದೆ. ಸೋಪಿನಿಂದ ತಿಕ್ಕಿದರೂ ಹೋಗುವುದಿಲ್ಲ. ಚರ್ಮದ ಮೇಲಿನದು ಕೆಲವು ದಿನಕ್ಕೆ ಮಾಸುತ್ತದೆ, ಉಗುರಿನ ಮೇಲಿನದು ಉಗುರು ಬೆಳೆದು ಕತ್ತರಿಸುವವರೆಗೆ ಇರುತ್ತದೆ.